ಸ್ತನ ಕ್ಯಾನ್ಸರ್ ಮತ್ತು ನಮ್ಮ ಊಟದ ತಟ್ಟೆ: ಬೆಂಗಳೂರಿನ ಹೆಣ್ಣುಮಕ್ಕಳಿಗೆ ಒಂದು ಮಾರ್ಗದರ್ಶಿ

"ಏನು ತಿಂದರೆ ಬ್ರೆಸ್ಟ್ ಕ್ಯಾನ್ಸರ್ ಬರಲ್ಲ?" ಈ ಪ್ರಶ್ನೆಗೆ ವಾಟ್ಸಾಪ್‌ನಲ್ಲಿ ದಿನಕ್ಕೊಂದು ಉತ್ತರ ಬರುತ್ತದೆ. ಇವತ್ತು ಲಕ್ಷ್ಮಣ ಫಲ, ನಾಳೆ ಅರಿಶಿನದ ನೀರು, ನಾಡಿದ್ದು ಗೋಧಿ ಹುಲ್ಲಿನ ರಸ. ತಿಂದರೆ ಕ್ಯಾನ್ಸರ್ ಬಾರದಂಥ ಪದಾರ್ಥ ಗಾಂಧಿ ಬಜಾರಿನಲ್ಲೂ ಇಲ್ಲ, ಆನ್‌ಲೈನಿನಲ್ಲೂ ಇಲ್ಲ. ಆದರೆ ಇಡೀ ತಟ್ಟೆ ಹೇಗಿದೆ, ವರ್ಷಾನುಗಟ್ಟಲೆ ಹೇಗಿದೆ ಅನ್ನುವುದರ ಮೇಲೆ ಅಪಾಯ ಸ್ವಲ್ಪ ಏರುತ್ತದೆ ಅಥವಾ ಇಳಿಯುತ್ತದೆ. ಆ ಸ್ವಲ್ಪ ಎಷ್ಟು, ಅದಕ್ಕೆ ನಮ್ಮ ಅಡುಗೆಮನೆಯಲ್ಲಿ ಏನು ಬದಲಿಸಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ. ಹೊಸದಾಗಿ ಕೊಳ್ಳಬೇಕಾದ್ದು ತೀರಾ ಕಡಿಮೆ. ಬದಲಾಗಬೇಕಾದ್ದು ತಟ್ಟೆಯಲ್ಲಿ ಯಾವುದು ಎಷ್ಟು ಅನ್ನುವುದು.

ಮೊದಲು ಲೆಕ್ಕ ತಿಳಿದುಕೊಳ್ಳಿ

ಭಾರತದ ಹೆಣ್ಣುಮಕ್ಕಳಲ್ಲಿ ಈಗ ಎಲ್ಲಕ್ಕಿಂತ ಜಾಸ್ತಿ ಕಾಣಿಸುವುದು ಸ್ತನ ಕ್ಯಾನ್ಸರ್. 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು, 98 ಸಾವಿರದಷ್ಟು ಸಾವುಗಳು ಎಂದು ಅಂದಾಜು. ಬೆಂಗಳೂರಿನಲ್ಲಿ ಕ್ಯಾನ್ಸರ್ ನೋಂದಣಿ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆಯುತ್ತಿದೆ. ಆಗ ನಮ್ಮ ಊರಿನ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಈಗ ಅದು ಇಳಿದು, ಸ್ತನ ಕ್ಯಾನ್ಸರ್ ಮೇಲೆ ಬಂದಿದೆ. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಸುಮಾರು ಹತ್ತು ವರ್ಷ ಮುಂಚೆಯೇ ಬರುತ್ತದೆ. 45, 50ರ ಆಸುಪಾಸಿನವರು ಬಹಳ ಜನ.

ಇದರಲ್ಲಿ ನಮ್ಮ ಕೈಯಲ್ಲಿ ಇಲ್ಲದ್ದೇ ಜಾಸ್ತಿ. ವಯಸ್ಸು, ಬೇಗ ಮೈನೆರೆಯುವುದು, ತಡವಾಗಿ ಮುಟ್ಟು ನಿಲ್ಲುವುದು, ಮೊದಲ ಮಗು ತಡವಾಗುವುದು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನೂರರಲ್ಲಿ ಐದರಿಂದ ಹತ್ತು ಪ್ರಕರಣಗಳು ತಂದೆ ತಾಯಿಯಿಂದ ಬಂದ ಜೀನ್‌ನ ದೋಷದಿಂದ ಆಗುತ್ತವೆ. ಆದ್ದರಿಂದ ಯಾರಿಗಾದರೂ ಕಾಯಿಲೆ ಬಂದಾಗ "ಅವಳು ಸರಿಯಾಗಿ ತಿಂತಿರಲಿಲ್ಲ" ಎನ್ನುವ ಮಾತು ಬೇಡವೇ ಬೇಡ. ಜೀವನಪೂರ್ತಿ ಹಿತಮಿತವಾಗಿ ತಿಂದವರಿಗೂ ಇದು ಬರುತ್ತದೆ.

ನಮ್ಮ ಕೈಯಲ್ಲಿ ಇರುವುದರಲ್ಲಿ ಗಟ್ಟಿ ಸಾಕ್ಷಿ ಇರುವುದು ನಾಲ್ಕಕ್ಕೆ. ಮದ್ಯ ಅಪಾಯವನ್ನು ಏರಿಸುತ್ತದೆ. ಮುಟ್ಟು ನಿಂತ ಮೇಲೆ ಮೈಯಲ್ಲಿ ಉಳಿದ ಹೆಚ್ಚುವರಿ ಕೊಬ್ಬು ಏರಿಸುತ್ತದೆ. ಮೈ ಕೈ ಆಡಿಸುವುದು ಇಳಿಸುತ್ತದೆ. ಮಗುವಿಗೆ ಎದೆಹಾಲು ಕುಡಿಸುವುದೂ ಇಳಿಸುತ್ತದೆ. ತರಕಾರಿ, ನಾರು, ಕಾಳು ಇವುಗಳ ಬಗ್ಗೆ ಇರುವ ಸಾಕ್ಷಿ ಇಷ್ಟು ಗಟ್ಟಿಯಿಲ್ಲ, ಆದರೆ ಬಹುಪಾಲು ಒಂದೇ ಕಡೆಗೆ ಬೆರಳು ತೋರಿಸುತ್ತದೆ.

ಅಮೆರಿಕದಲ್ಲಿ ಮುಟ್ಟು ನಿಂತ 48,835 ಮಹಿಳೆಯರನ್ನು ಎರಡು ಗುಂಪು ಮಾಡಿ ಒಂದು ದೊಡ್ಡ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಜಿಡ್ಡು ಕಡಿಮೆ ಮಾಡಿ, ಹಣ್ಣು, ತರಕಾರಿ, ಇಡೀ ಧಾನ್ಯ ಜಾಸ್ತಿ ತಿನ್ನಲು ಹೇಳಿಕೊಟ್ಟರು. ಸುಮಾರು ಎಂಟು ವರ್ಷ ಆದ ಮೇಲೆ ಆ ಗುಂಪಿನಲ್ಲಿ ಸ್ತನ ಕ್ಯಾನ್ಸರ್ 9% ಕಡಿಮೆ ಇತ್ತು. ಇದು ಆಕಸ್ಮಿಕವೂ ಇರಬಹುದು ಅನ್ನುವಷ್ಟು ಸಣ್ಣ ವ್ಯತ್ಯಾಸ. ಆದರೆ ಇಪ್ಪತ್ತು ವರ್ಷದವರೆಗೆ ನೋಡುತ್ತಾ ಹೋದಾಗ, ಸ್ತನ ಕ್ಯಾನ್ಸರಿನಿಂದ ಸತ್ತವರ ಸಂಖ್ಯೆ ಆ ಗುಂಪಿನಲ್ಲಿ 21% ಕಡಿಮೆ ಬಂತು. ಊಟದಿಂದ ಎಷ್ಟು ನಿರೀಕ್ಷಿಸಬಹುದು ಅನ್ನುವುದಕ್ಕೆ ಇದು ಸರಿಯಾದ ಅಳತೆ ಅಂತ ನನಗೆ ಅನಿಸುತ್ತದೆ. ಪವಾಡ ಇಲ್ಲ, ಆದರೆ ಸುಳ್ಳೂ ಅಲ್ಲ.

ಮೂರು ದಿನ ಬರೆದಿಡಿ

ಎರಡು ಕೆಲಸದ ದಿನ, ಒಂದು ಭಾನುವಾರ. ಬಾಯಿಗೆ ಹೋದದ್ದನ್ನೆಲ್ಲಾ ಬರೆಯಿರಿ. ನಿಂತುಕೊಂಡು ತಿಂದದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, "ಸುಮ್ನೆ ದಂಡ ಆಗುತ್ತೆ" ಅಂತ ಮುಗಿಸಿದ ಎರಡು ಸೌಟು ಚಿತ್ರಾನ್ನ ಎಲ್ಲವೂ ಬರಲಿ. ಮನೆಯ ಹೆಂಗಸರ ಊಟದಲ್ಲಿ ಲೆಕ್ಕಕ್ಕೆ ಸಿಗದೆ ತಪ್ಪಿಸಿಕೊಳ್ಳುವುದು ಇದೇ ಭಾಗ.

ವಿಜಯನಗರದ ಒಂದು ಮಾಮೂಲಿ ಮನೆಯ ದಿನವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಎರಡು ಚಮಚ ಸಕ್ಕರೆಯ ಕಾಫಿ. ತಿಂಡಿಗೆ ಚಿತ್ರಾನ್ನ, ಅದೇ ಡಬ್ಬಿಗೂ ಹೋಯಿತು. ಹನ್ನೊಂದಕ್ಕೆ ಟೀ, ಬಿಸ್ಕತ್ತು. ಸಂಜೆ ಬಸ್ಸಿಳಿದು ಬರುವಾಗ ಬೇಕರಿಯಲ್ಲಿ ಒಂದು ಖಾರ ಬನ್, ಮನೆಗೆ ಬಂದು ಇನ್ನೊಂದು ಕಾಫಿ. ರಾತ್ರಿ ಹತ್ತಕ್ಕೆ ಅನ್ನ, ತಿಳಿ ಸಾರು, ಆಲೂಗಡ್ಡೆ ಪಲ್ಯ, ಹಪ್ಪಳ, ಮೊಸರನ್ನ. ಪಕ್ಕಾ ಸಸ್ಯಾಹಾರ, ಬಹುಪಾಲು ಮನೆ ಅಡುಗೆ. ನೋಡಿದರೆ ಯಾರೂ ಬೆರಳು ತೋರಿಸುವುದಿಲ್ಲ. ಆದರೆ ಹುಡುಕಿ ನೋಡಿ: ಮೂರು ಹೊತ್ತೂ ಬೇರೆ ಬೇರೆ ಹೆಸರಿನಲ್ಲಿ ಬಂದದ್ದು ಪಾಲಿಶ್ ಮಾಡಿದ ಅಕ್ಕಿ. ಸೊಪ್ಪು ಇಲ್ಲ, ಹಣ್ಣು ಇಲ್ಲ. ತಿಳಿ ಸಾರಿನಲ್ಲಿ ಬೇಳೆಯ ಬಣ್ಣ ಮಾತ್ರ ಇದೆ. ವೆಜ್ ಅನ್ನುವುದೇ ಒಂದು ಸರ್ಟಿಫಿಕೇಟ್ ಅಲ್ಲ.

ಬರೆದಾದ ಮೇಲೆ ನಾಲ್ಕು ಕಾಲಂ ಹಾಕಿ. ಒಂದರಲ್ಲಿ ಸೊಪ್ಪು, ತರಕಾರಿ, ಹಣ್ಣು. ಇನ್ನೊಂದರಲ್ಲಿ ಕಾಳು, ಬೇಳೆ, ಕಡಲೆಕಾಯಿ. ಮೂರನೆಯದರಲ್ಲಿ ಬಿಳಿ ಅಕ್ಕಿ, ರವೆ, ಮೈದಾ. ನಾಲ್ಕನೆಯದರಲ್ಲಿ ಸಕ್ಕರೆ, ಕರಿದದ್ದು, ಬೇಕರಿ, ಪ್ಯಾಕೆಟ್. ತಿಂದ ಪ್ರತಿ ಸಲಕ್ಕೂ ಒಂದು ಟಿಕ್. ಆಲೂಗಡ್ಡೆಯನ್ನು ಮೂರನೆಯದಕ್ಕೆ ಹಾಕಿ, ಅದು ತರಕಾರಿಯ ಕೆಲಸ ಮಾಡುವುದಿಲ್ಲ. ಮೊದಲ ಎರಡು ಕಾಲಂ ಖಾಲಿ ಹೊಡೆಯುತ್ತಿದ್ದರೆ ಎಲ್ಲಿ ಕೈ ಹಾಕಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮಧ್ಯಾಹ್ನದ ಊಟದಿಂದ ಶುರು ಮಾಡಿ

ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಲು ಹೋದರೆ ಮನೆಯವರೆಲ್ಲ ತಿರುಗಿ ಬೀಳುತ್ತಾರೆ. ಒಂದು ಹೊತ್ತಿನ ಊಟ ಹಿಡಿದುಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2000 ಕ್ಯಾಲೊರಿಯ ಊಟದಲ್ಲಿ ಧಾನ್ಯ ಸುಮಾರು 250 ಗ್ರಾಂ, ಕಾಳು-ಬೇಳೆ 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ ಇರಬೇಕು. ಧಾನ್ಯ, ಕಾಳು ಬೇಯಿಸುವ ಮುಂಚಿನ ತೂಕ. ಈ ಅಂಕಿಗಳನ್ನು ತಲೆಯಲ್ಲಿ ಇಟ್ಟುಕೊಂಡು ಅಡುಗೆ ಮಾಡಲು ಯಾರಿಗೂ ಆಗುವುದಿಲ್ಲ. ತಟ್ಟೆಗೆ ಇಳಿಸಿದರೆ ಹೀಗೆ: ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೊಪ್ಪು. ಕಾಲು ಭಾಗ ಅನ್ನ ಅಥವಾ ಮುದ್ದೆ ಅಥವಾ ಚಪಾತಿ. ಉಳಿದ ಕಾಲು ಭಾಗ ಗಟ್ಟಿಯಾದ ಬೇಳೆ ಅಥವಾ ಕಾಳು. ಅಂದರೆ ಪಲ್ಯವನ್ನು ನೆಂಚಿಕೊಳ್ಳುವುದು ಬಿಟ್ಟು, ಪಲ್ಯಕ್ಕೆ ಅನ್ನ ನೆಂಚಿಕೊಳ್ಳಬೇಕು. ಮೊದಲ ವಾರ ಹಾಸ್ಯವಾಗಿ ಕಾಣುತ್ತದೆ, ಆಮೇಲೆ ನಾಲಿಗೆ ಒಗ್ಗುತ್ತದೆ.

ಬಡಿಸುವಾಗ ಒಂದು ಸಣ್ಣ ಕೆಲಸ ಮಾಡಿ. ಹುಳಿಯನ್ನು ತಳ ಕೆದಕಿ ಬಡಿಸಿ. ಬೇಳೆ ತಳದಲ್ಲಿ ಕೂತಿರುತ್ತದೆ, ಸೌಟಿಗೆ ಮೇಲಿನ ತಿಳಿ ಬರುತ್ತದೆ. ಎಷ್ಟೋ ಮನೆಗಳಲ್ಲಿ ಕಾಳು-ಬೇಳೆ ತಂದದ್ದು ಸಾಕಾದರೂ ತಟ್ಟೆಗೆ ಬರದಿರುವುದು ಹೀಗೆ.

ಅಕ್ಕಿಯ ಜಾಗದಲ್ಲಿ ವಾರದಲ್ಲಿ ನಾಲ್ಕು ದಿನ ರಾಗಿ ಬರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾರು ಏನು ಮಾಡುತ್ತದೆ? ಊಟ ಆದ ಮೇಲೆ ರಕ್ತದಲ್ಲಿ ಸಕ್ಕರೆ, ಇನ್ಸುಲಿನ್ ದಿಢೀರ್ ಅಂತ ಏರುವುದನ್ನು ತಗ್ಗಿಸುತ್ತದೆ. ಕರುಳಿಗೆ ಬಂದ ಈಸ್ಟ್ರೋಜನ್ ಹಾರ್ಮೋನು ಮತ್ತೆ ರಕ್ತಕ್ಕೆ ಸೇರುವುದನ್ನು ಸ್ವಲ್ಪ ಕಡಿಮೆ ಮಾಡುತ್ತದೆ ಎಂದೂ ಸಂಶೋಧಕರು ಭಾವಿಸುತ್ತಾರೆ. ಬಹುಪಾಲು ಸ್ತನ ಕ್ಯಾನ್ಸರ್‌ಗಳು ಈಸ್ಟ್ರೋಜನ್ ಬಲದಿಂದ ಬೆಳೆಯುವಂಥವು. ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ನಾರು ಅತಿ ಹೆಚ್ಚು ತಿನ್ನುವವರಲ್ಲಿ ಅತಿ ಕಡಿಮೆ ತಿನ್ನುವವರಿಗಿಂತ ಅಪಾಯ 8% ಕಡಿಮೆ ಕಂಡಿದೆ.

ಎಚ್ಚರಿಕೆ ಒಂದಿದೆ. ರಾಗಿ ಒಳ್ಳೆಯದು ಅಂತ ದೊಡ್ಡ ಮುದ್ದೆ ಮುಗಿಸಿ, ಆಮೇಲೆ ಎಂದಿನಷ್ಟೇ ಅನ್ನ ಹಾಕಿಕೊಂಡರೆ ಬದಲಿಸಿದ ಹಾಗಾಗಲಿಲ್ಲ, ಸೇರಿಸಿದ ಹಾಗಾಯಿತು. ಪ್ಯಾಕೆಟ್ಟಿನ ರಾಗಿ ಮಾಲ್ಟ್, ರಾಗಿ ಬಿಸ್ಕತ್ತಿನ ಲೇಬಲ್ ಓದಿ. ಮೊದಲ ಸಾಲಿನಲ್ಲಿ ಸಕ್ಕರೆ ಅಥವಾ ಮೈದಾ ಇದ್ದರೆ ವಾಪಸ್ ಇಟ್ಟುಬಿಡಿ.

ಒಂದೇ ಒಂದು ಅಡುಗೆ ಕಲಿಯುವುದಾದರೆ ಬಸ್ಸಾರು ಕಲಿಯಿರಿ. ಒಂದು ಲೋಟ ಅಲಸಂದೆ ಅಥವಾ ಹೆಸರುಕಾಳನ್ನು ಮುಕ್ಕಾಲು ಪಾಲು ಬೇಯಿಸಿ. ಅದಕ್ಕೆ ಹೆಚ್ಚಿದ ದಂಟಿನ ಸೊಪ್ಪು ಎರಡು ಕಟ್ಟು, ಸಬ್ಬಸಿಗೆ ಒಂದು ಹಿಡಿ ಹಾಕಿ, ಉಪ್ಪು ಸೇರಿಸಿ, ಎರಡೂ ಬೆಂದ ಮೇಲೆ ನೀರು ಬಸಿದಿಡಿ. ಈ ಕಟ್ಟನ್ನು ಚೆಲ್ಲಬೇಡಿ, ಅದೇ ಸಾರು. ಈರುಳ್ಳಿ, ಬೆಳ್ಳುಳ್ಳಿಯನ್ನು ಬಾಡಿಸಿ, ಮೆಣಸು, ಜೀರಿಗೆ, ಸಾರಿನ ಪುಡಿ, ಹುಣಸೆಹಣ್ಣು, ಎರಡು ಚಮಚ ತೆಂಗಿನ ತುರಿ, ಬೆಂದ ಸೊಪ್ಪು-ಕಾಳು ಒಂದು ಹಿಡಿ ಹಾಕಿ ರುಬ್ಬಿ, ಕಟ್ಟಿಗೆ ಸೇರಿಸಿ ಕುದಿಸಿ. ಬಸಿದು ಉಳಿದದ್ದಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಎಣ್ಣೆ ಎರಡು ಮೂರು ಚಮಚಕ್ಕಿಂತ ಜಾಸ್ತಿ ಬೇಡ. ಮುದ್ದೆ, ಬಸ್ಸಾರು, ಪಲ್ಯ ಇಷ್ಟಾದರೆ ಸೊಪ್ಪು, ಕಾಳು, ನಾರು ಮೂರೂ ಒಂದೇ ಊಟದಲ್ಲಿ ಬಂತು. ವಿದೇಶದಿಂದ ಬಂದ ಕಿನೋವಾ, ಕೇಲ್ ಸೊಪ್ಪಿಗೆ ದುಡ್ಡು ಸುರಿಯುವವರು ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಲಿ.

ಮಾಂಸ ತಿನ್ನುವವರಿಗೆ ಎರಡು ಮಾತು. ಮೀನು, ಮೊಟ್ಟೆ, ಕೋಳಿ ಬಿಡುವ ಅಗತ್ಯವಿಲ್ಲ. ಭಾನುವಾರದ ಮಟನ್ ಸಾರಿನ ಜೊತೆಗೂ ಒಂದು ಸೊಪ್ಪಿನ ಪಲ್ಯ ಇರಲಿ. ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣ ಎಂದು 2015ರಲ್ಲೇ ವರ್ಗೀಕರಿಸಲಾಗಿದೆ. ಸ್ತನ ಕ್ಯಾನ್ಸರಿನ ವಿಚಾರದಲ್ಲಿ ಸಾಕ್ಷಿ ಅಷ್ಟು ಇಲ್ಲದಿದ್ದರೂ ಅದನ್ನು ಅಭ್ಯಾಸ ಮಾಡಿಕೊಳ್ಳಲು ಒಳ್ಳೆಯ ಕಾರಣ ಒಂದೂ ಇಲ್ಲ.

ಸೊಪ್ಪು ಮನೆಗೆ ಬರುವ ದಾರಿ ಮಾಡಿ

ಸೊಪ್ಪು ತಿನ್ನದಿರುವುದಕ್ಕೆ ಇಷ್ಟವಿಲ್ಲ ಅನ್ನುವುದಕ್ಕಿಂತ ಬಿಡಿಸಲು ಟೈಮ್ ಇಲ್ಲ ಅನ್ನುವುದೇ ಕಾರಣ. ಹಾಗಾಗಿ ಬಿಡಿಸುವ ಕೆಲಸವನ್ನು ಅಡುಗೆಯ ಹೊತ್ತಿನಿಂದ ಬೇರೆ ಮಾಡಿ. ವಾರದಲ್ಲಿ ಎರಡು ಸಲ ತಂದು, ಟಿವಿ ಮುಂದೆ ಕೂತು ಬಿಡಿಸಿ, ತೊಳೆಯದೆ ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ತೊಳೆಯುವುದು ಹೆಚ್ಚುವ ಮುಂಚೆ. ಈ ಕೆಲಸ ಮನೆಯ ಗಂಡಸರ ಕೈಗೂ ಬರುತ್ತದೆ, ಕಷ್ಟವೇನಿಲ್ಲ.

ಮಳೆಗಾಲ ಶುರುವಾದರೆ ಕೆ.ಆರ್. ಮಾರ್ಕೆಟ್, ಮಲ್ಲೇಶ್ವರ, ಗಾಂಧಿ ಬಜಾರಿನಲ್ಲಿ ಹಳ್ಳಿಯಿಂದ ಬಂದ ಹೆಂಗಸರು ಬೆರಕೆ ಸೊಪ್ಪು ಇಟ್ಟುಕೊಂಡು ಕೂತಿರುತ್ತಾರೆ. ಅಣ್ಣೆ, ಕಿರಕೀರೆ, ಹೊನಗೊನೆ, ಹೆಸರೇ ಗೊತ್ತಿಲ್ಲದ ಇನ್ನೂ ನಾಲ್ಕು ಸೊಪ್ಪು ಒಂದೇ ಗುಡ್ಡೆಯಲ್ಲಿ. "ಹೆಂಗೆ ಮಾಡೋದಜ್ಜಿ?" ಅಂತ ಕೇಳಿ ನೋಡಿ. "ಮಸ್ಸೊಪ್ಪು ಮಾಡವ್ವ, ಬ್ಯಾಳೆ ಜೊತೆ ಬೇಯ್ಸಿ ಮಸಿ" ಅಂತ ಪೂರ್ತಿ ಅಡುಗೆ ಹೇಳಿಕೊಡುತ್ತಾರೆ, ಚೌಕಾಸಿ ಮಾಡದಿದ್ದರೆ ಒಂದು ಹಿಡಿ ಕೊಸರೂ ಸಿಗುತ್ತದೆ. ಅಷ್ಟು ದೂರ ಹೋಗಲಾಗದವರಿಗೆ ಬೆಳಿಗ್ಗೆ ಬೀದಿಯಲ್ಲಿ ಕೂಗಿಕೊಂಡು ಬರುವ ಗಾಡಿ ಇದೆ, ಬಡಾವಣೆಯ ಹಾಪ್‌ಕಾಮ್ಸ್ ಇದೆ. ಚಳಿಗಾಲದಲ್ಲಿ ಅವರೆಕಾಳು, ತೊಗರಿಕಾಯಿ ಬಂದಾಗ ಅದೇ ಸಾಕು.

ಬಣ್ಣದ ತರಕಾರಿಗೆ ಒಂದು ಕಾರಣವಿದೆ. ಕ್ಯಾರೆಟ್, ಸಿಹಿಕುಂಬಳ, ಪರಂಗಿ ಹಣ್ಣು, ನುಗ್ಗೆ ಸೊಪ್ಪು, ಪಾಲಕ್ ಇವುಗಳಲ್ಲಿ ಕ್ಯಾರೊಟಿನಾಯ್ಡ್ ಎಂಬ ಅಂಶಗಳಿವೆ. ರಕ್ತದಲ್ಲಿ ಇವು ಜಾಸ್ತಿ ಇರುವ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಹಾಗಂತ ಮಾತ್ರೆ ನುಂಗಬೇಡಿ. ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟ 1990ರ ದಶಕದ ದೊಡ್ಡ ಪ್ರಯೋಗಗಳಲ್ಲಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ತಟ್ಟೆಯಲ್ಲಿ ಇರುವುದು ಡಬ್ಬಿಯಲ್ಲಿ ಬರುವುದಿಲ್ಲ.

ಔಷಧಿ ಹೊಡೆದಿರುತ್ತಾರೆ ಅನ್ನುವ ಭಯ ನಿಜವಾದದ್ದೇ. ಹರಿಯುವ ನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಯಿರಿ. ಆರ್ಗ್ಯಾನಿಕ್ ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ. ಇಲ್ಲ ಅಂತ ಸೊಪ್ಪನ್ನೇ ಬಿಡುವುದಕ್ಕಿಂತ ಮಾಮೂಲಿ ಸೊಪ್ಪು ತಿನ್ನುವುದು ಎಷ್ಟೋ ಮೇಲು.

ಎಣ್ಣೆ, ಸಕ್ಕರೆಯನ್ನು ತಿಂಗಳ ಲೆಕ್ಕದಲ್ಲಿ ಹಿಡಿಯಿರಿ

ದಿನಾ ಚಮಚದಲ್ಲಿ ಅಳೆಯುವುದು ಎರಡು ದಿನ ನಡೆಯುತ್ತದೆ, ಮೂರನೇ ದಿನ ಬಾಣಲೆಗೆ ನೇರ ಸುರಿಯುತ್ತೇವೆ. ದಿನಸಿ ಚೀಟಿಯಲ್ಲೇ ಹಿಡಿಯುವುದು ಸುಲಭ. ಒಬ್ಬರಿಗೆ ದಿನಕ್ಕೆ ಸುಮಾರು 27 ಗ್ರಾಂ ಎಣ್ಣೆ-ತುಪ್ಪ ಸಾಕು. ನಾಲ್ಕು ಜನ ದೊಡ್ಡವರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್, ತುಪ್ಪ ಸೇರಿ. ಐದಾರು ಲೀಟರ್ ತರುತ್ತಿದ್ದರೆ ಎಲ್ಲಿ ಹೋಗುತ್ತಿದೆ ಅಂತ ಹುಡುಕಿ. ಸಾಮಾನ್ಯವಾಗಿ ಹಪ್ಪಳ, ಸಂಡಿಗೆ, ಪೂರಿಯ ಬಾಣಲೆಯಲ್ಲಿ ಸಿಕ್ಕಿಬೀಳುತ್ತದೆ. ಕಡಲೆಕಾಯಿ ಎಣ್ಣೆಯೋ ಸೂರ್ಯಕಾಂತಿಯೋ ಅನ್ನುವ ಚರ್ಚೆ ಆಮೇಲೆ ಮಾಡೋಣ.

ಸಕ್ಕರೆ ದಿನಕ್ಕೆ 25 ಗ್ರಾಂ ದಾಟದಿರಲಿ, ಅಂದರೆ ಐದು ಚಮಚ. ಎರಡು ಚಮಚದ ಕಾಫಿ ಮೂರು ಸಲ ಕುಡಿದರೆ ಅಲ್ಲಿಗೇ ಮುಗಿಯಿತು. ಬೆಲ್ಲ ಹಾಕಿದರೆ ಲೆಕ್ಕ ಬೇರೆ ಅಂದುಕೊಳ್ಳಬೇಡಿ, ಮೈಗೆ ಅದೂ ಸಕ್ಕರೆಯೇ. ಕಾಫಿಯನ್ನು ಬಿಡುವ ಅಗತ್ಯ ಖಂಡಿತ ಇಲ್ಲ. ವಾರಕ್ಕೆ ಅರ್ಧ ಅರ್ಧ ಚಮಚ ಇಳಿಸುತ್ತಾ ಬಂದರೆ, ಒಳ್ಳೆ ಡಿಕಾಕ್ಷನ್‌ಗೆ ಸಕ್ಕರೆ ಬೇಕಾಗಿಯೇ ಇರಲಿಲ್ಲ ಅಂತ ಗೊತ್ತಾಗುತ್ತದೆ.

ಹೊರಗೆ ತಿನ್ನುವಾಗ

ದರ್ಶಿನಿಯಲ್ಲಿ ಇಡ್ಲಿ ತಗೊಂಡು ಸಾಂಬಾರ್ ಎರಡನೇ ಸಲ ಹಾಕಿಸಿಕೊಳ್ಳಿ. ಚೌಚೌ ಬಾತ್, ಪೂರಿ ಸಾಗು, ಮಸಾಲೆ ದೋಸೆಯನ್ನು ವಾರಕ್ಕೊಂದು ದಿನಕ್ಕೆ ಇಟ್ಟುಕೊಳ್ಳಿ, ಆ ದಿನ ಖುಷಿಯಾಗಿ ತಿನ್ನಿ. ಸಂಜೆ ನಾಲ್ಕರಿಂದ ಏಳರ ಹೊತ್ತೇ ಅಸಲಿ ಪರೀಕ್ಷೆ. ಹಸಿವು, ಟ್ರಾಫಿಕ್ಕು, ಪಕ್ಕದಲ್ಲೇ ಅಯ್ಯಂಗಾರ್ ಬೇಕರಿ. ಬ್ಯಾಗಿನಲ್ಲಿ ಒಂದು ಹಿಡಿ ಹುರಿದ ಕಡಲೆಕಾಯಿ ಅಥವಾ ಹುರಿಗಡಲೆ, ಒಂದು ಸೀಬೆಹಣ್ಣು ಇದ್ದರೆ ಖಾರ ಬನ್ನು ತಾನಾಗಿಯೇ ಹಿಂದೆ ಸರಿಯುತ್ತದೆ. ಹಣ್ಣನ್ನು ಕಚ್ಚಿ ತಿನ್ನಿ, ಜ್ಯೂಸ್ ಮಾಡಿದರೆ ನಾರು ಹೋಗಿ ಸಿಹಿ ಉಳಿಯುತ್ತದೆ.

ಫ್ಯಾಕ್ಟರಿಯಲ್ಲಿ ತಯಾರಾದ ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್, ಕ್ರೀಮ್ ಬಿಸ್ಕತ್ತು, ಸೋಡಾ ಪಾನೀಯ ಇವುಗಳ ಮೇಲೆ ಫ್ರಾನ್ಸಿನಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದ ಅಧ್ಯಯನ 2018ರಲ್ಲಿ ಬಂತು. ಒಟ್ಟು ಆಹಾರದಲ್ಲಿ ಇಂಥವುಗಳ ಪಾಲು 10% ಏರಿದ ಹಾಗೆ ಸ್ತನ ಕ್ಯಾನ್ಸರ್ ಅಪಾಯ ಸುಮಾರು 11% ಜಾಸ್ತಿ ಕಂಡಿತು. ಇವೇ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ, ನಂಟು ಇದೆ ಅಂತಷ್ಟೇ. ಪ್ಯಾಕೆಟ್ ಹಿಂದಿನ ಪಟ್ಟಿಯಲ್ಲಿ ನಮ್ಮ ಅಡುಗೆಮನೆಯಲ್ಲಿ ಇಲ್ಲದ ಹೆಸರು ನಾಲ್ಕೈದು ಕಂಡರೆ ಆ ಪ್ಯಾಕೆಟ್ ಈ ಗುಂಪಿನದು.

ರಾತ್ರಿ ಪಾಳಿಯಲ್ಲಿ ದುಡಿಯುವವರು ನಮ್ಮ ಊರಿನಲ್ಲಿ ಬಹಳ. ವರ್ಷಗಟ್ಟಲೆ ರಾತ್ರಿ ಪಾಳಿಯೇ ಕ್ಯಾನ್ಸರಿಗೆ ಕಾರಣ ಇರಬಹುದಾದ ಸಂಗತಿಗಳ ಪಟ್ಟಿಯಲ್ಲಿದೆ. ಕೆಲಸ ಬಿಡಿ ಅಂತ ಹೇಳುವುದು ಸುಲಭ, ಬಿಡಲು ಆಗಬೇಕಲ್ಲ. ಪಾಳಿಗೆ ಹೋಗುವ ಮುಂಚೆ ಸರಿಯಾದ ಊಟ ಮಾಡಿ, ಮಧ್ಯರಾತ್ರಿಗೆ ಮನೆಯಿಂದ ಒಯ್ದ ಉಸಲಿ ಅಥವಾ ಮೊಸರು-ಹಣ್ಣು ಇಟ್ಟುಕೊಳ್ಳಿ. ಎರಡು ಗಂಟೆ ರಾತ್ರಿಯ ಬಿರಿಯಾನಿ ಆರ್ಡರ್ ಆಗ ಬೇಕಾಗುವುದಿಲ್ಲ.

ಮದ್ಯ: ಇಲ್ಲಿ ಮುಚ್ಚುಮರೆ ಬೇಡ

ಊಟದ ಎಲ್ಲ ವಿಚಾರಗಳಲ್ಲಿ ಸಾಕ್ಷಿ ಅತಿ ಗಟ್ಟಿಯಾಗಿರುವುದು ಇಲ್ಲಿಯೇ. ನಮ್ಮ ಮನೆಗಳಲ್ಲಿ ಮಾತಿಗೇ ಬರದಿರುವುದೂ ಇದೇ. ಮದ್ಯ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದ್ದು 1988ರಲ್ಲಿ. ದಿನಕ್ಕೆ ಪ್ರತಿ 10 ಗ್ರಾಂ ಆಲ್ಕೋಹಾಲ್‌ಗೆ ಸ್ತನ ಕ್ಯಾನ್ಸರ್ ಅಪಾಯ 7ರಿಂದ 10% ಏರುತ್ತದೆ. 30 ಮಿಲಿಯ ಒಂದು ಸ್ಮಾಲ್ ವಿಸ್ಕಿಯಲ್ಲಿ 10 ಗ್ರಾಂ ಇದೆ. ಒಂದು ಲೋಟ ವೈನ್‌ನಲ್ಲಿ 14. ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 40. ಮದ್ಯ ಮೈಯಲ್ಲಿ ಅಸಿಟಾಲ್ಡಿಹೈಡ್ ಆಗಿ ಜೀವಕೋಶದ ಡಿಎನ್ಎಗೆ ಏಟು ಕೊಡುತ್ತದೆ, ಈಸ್ಟ್ರೋಜನ್ ಮಟ್ಟವನ್ನೂ ಏರಿಸುತ್ತದೆ. ರೆಡ್ ವೈನ್ ಹೃದಯಕ್ಕೆ ಒಳ್ಳೆಯದು ಅನ್ನುವ ಮಾತು ಸ್ತನಕ್ಕೆ ಗೊತ್ತಿಲ್ಲ. ಇಷ್ಟಾದರೆ ಸುರಕ್ಷಿತ ಎನ್ನುವ ಮಿತಿ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಕುಡಿಯದಿರುವವರು ಶುರು ಮಾಡಬೇಡಿ. ಕುಡಿಯುವವರು ವಾರಕ್ಕೆ ಎಷ್ಟು ಅನ್ನುವುದನ್ನು ಅದೇ ಮೂರು ದಿನದ ಪುಸ್ತಕದಲ್ಲಿ ಪ್ರಾಮಾಣಿಕವಾಗಿ ಬರೆದು, ಅಲ್ಲಿಂದ ಇಳಿಸಿ.

ಸೊಂಟದ ಅಳತೆ

ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಮುಖ್ಯವಾಗಿ ಅಂಡಾಶಯದಿಂದ ಬರುತ್ತದೆ. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೆ ಮೈಯ ಕೊಬ್ಬು ಆ ಕೆಲಸ ಎತ್ತಿಕೊಳ್ಳುತ್ತದೆ. ಕೊಬ್ಬಿನಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಬೇರೆ ಹಾರ್ಮೋನುಗಳನ್ನು ಈಸ್ಟ್ರೋಜನ್ ಮಾಡುತ್ತದೆ. ಕೊಬ್ಬು ಜಾಸ್ತಿ ಇದ್ದಷ್ಟೂ ಈಸ್ಟ್ರೋಜನ್ ಜಾಸ್ತಿ. 40 ದಾಟಿದ ಮೇಲೆ ವರ್ಷಕ್ಕೊಂದು ಕೆಜಿ ಏರುವುದನ್ನು "ವಯಸ್ಸಾಯಿತಲ್ಲ" ಅಂತ ಬಿಟ್ಟುಬಿಡಬಾರದು ಅನ್ನುವುದು ಇದಕ್ಕೇ. ಮುಟ್ಟು ನಿಲ್ಲುವ ಮುಂಚೆ ಬರುವ ಕ್ಯಾನ್ಸರಿಗೆ ತೂಕದ ನಂಟು ಇಷ್ಟು ನೇರವಿಲ್ಲ.

ಟೈಲರ್ ಟೇಪು ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ತೂಕದಲ್ಲೂ ನಮ್ಮ ಗಡಿ ಕೆಳಗಿದೆ: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ಜಾಸ್ತಿ, 25 ದಾಟಿದರೆ ಬೊಜ್ಜು. 155 ಸೆಂಟಿಮೀಟರ್ ಎತ್ತರದವರಿಗೆ 55 ಕೆಜಿ, 60 ಕೆಜಿ ಅಂತ ಲೆಕ್ಕ. ಗಡಿ ದಾಟಿದ್ದರೆ ಹೆದರಿ ಊಟ ಬಿಡಬೇಡಿ. ರಾತ್ರಿಯ ಅನ್ನ ಅರ್ಧ ಮಾಡಿ, ಊಟವನ್ನು ಎಂಟರ ಒಳಗೆ ತನ್ನಿ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ದೂರವಾದರೆ ವಾರ್ಡಿನ ಪಾರ್ಕಿನಲ್ಲಿ ಸುತ್ತು ಹಾಕಿ. ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ಬಿರುಸು ಸಾಕು.

ಮಗಳ ತಟ್ಟೆ

ಸ್ತನದ ಅಂಗಾಂಶ ಬೆಳೆಯುವ ಹರೆಯದಲ್ಲಿ ತಿಂದದ್ದಕ್ಕೆ ಬೆಲೆ ಇದೆ ಅನ್ನುವ ಸುಳಿವುಗಳಿವೆ. ಅಮೆರಿಕದ ಸುಮಾರು 90 ಸಾವಿರ ನರ್ಸ್‌ಗಳ ಅಧ್ಯಯನದಲ್ಲಿ, ಹೈಸ್ಕೂಲಿನ ದಿನಗಳಲ್ಲಿ ಮತ್ತು ಯೌವನದ ಶುರುವಿನಲ್ಲಿ ನಾರು ಜಾಸ್ತಿ ತಿಂದವರಿಗೆ ಆಮೇಲೆ ಸ್ತನ ಕ್ಯಾನ್ಸರ್ ಕಡಿಮೆ ಬಂದಿತ್ತು. ಹೈಸ್ಕೂಲಿನ ಊಟವನ್ನು ದೊಡ್ಡವರಾದ ಮೇಲೆ ನೆನಪಿನಿಂದ ಬರೆಸಿದ್ದರು, ಆದ್ದರಿಂದ ಪೂರ್ತಿ ನೆಚ್ಚುವ ಹಾಗಿಲ್ಲ. ಆದರೂ ಹದಿಮೂರರ ಹುಡುಗಿಯ ಡಬ್ಬಿಗೆ ಕಾಳು, ಹಣ್ಣು ಹಾಕುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾ? ಅವಳ ಎದುರಿಗೆ ತೂಕದ ಮಾತು ಮಾತ್ರ ಬೇಡ. ದಪ್ಪ, ಸಣ್ಣ ಅಂತ ಅಂದರೆ ಅವಳು ಊಟವನ್ನೇ ಬಿಡುತ್ತಾಳೆ.

ಗಾಳಿಮಾತಿಗೆ ಚುಟುಕು ಉತ್ತರ

ಸೋಯಾ ತಿಂದರೆ ಬರುತ್ತದಂತೆ? ಇಲ್ಲ. ಶಾಂಘೈನಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 5,042 ಮಹಿಳೆಯರನ್ನು ನೋಡಿದಾಗ, ಸೋಯಾ ಜಾಸ್ತಿ ತಿಂದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. ಇದು ಆಹಾರದ ಮಾತು, ಸೋಯಾ ಮಾತ್ರೆಗಳದ್ದಲ್ಲ. ಹಾಲು? ಅಪಾಯ ಏರಿಸುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಸಕ್ಕರೆ ಬಿಟ್ಟರೆ ಗೆಡ್ಡೆ ಉಪವಾಸ ಬಿದ್ದು ಸಾಯುತ್ತದಾ? ಸಾಯುವುದಿಲ್ಲ, ಮೈಯ ಎಲ್ಲ ಜೀವಕೋಶಗಳೂ ಗ್ಲೂಕೋಸ್ ಬಳಸುತ್ತವೆ. ಅರಿಶಿನ ಸಾರಿನಲ್ಲಿ ಚೆನ್ನಾಗಿದೆ, ಮಾತ್ರೆಯ ರೂಪದಲ್ಲಿ ಜಾಸ್ತಿ ತಗೊಂಡು ಲಿವರ್ ಕೆಟ್ಟವರಿದ್ದಾರೆ.

ತಪಾಸಣೆ ಇದರ ಜೊತೆಗೇ

ಮುದ್ದೆ ತಿನ್ನುತ್ತೇನೆ, ನನಗೇನಾಗುತ್ತೆ ಅನ್ನುವ ಧೈರ್ಯ ಒಳ್ಳೆಯದಲ್ಲ. ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಸ್ತನ ತಪಾಸಣೆ ಆಗಬೇಕು. ತರಬೇತಿ ಪಡೆದವರು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ ಅದು. ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್' ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಇದು ಕೈಯ ಪರೀಕ್ಷೆ ತಾನೇ ಅಂತ ಸಸಾರ ಮಾಡಬೇಡಿ. ಮುಂಬೈನಲ್ಲಿ ಒಂದೂವರೆ ಲಕ್ಷ ಮಹಿಳೆಯರ ಮೇಲೆ ಇಪ್ಪತ್ತು ವರ್ಷ ನಡೆದ ಪ್ರಯೋಗದಲ್ಲಿ, ಎರಡು ವರ್ಷಕ್ಕೊಮ್ಮೆ ಹೀಗೆ ಪರೀಕ್ಷಿಸಿದ್ದರಿಂದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು 30% ಇಳಿಯಿತು. 40 ದಾಟಿದವರು ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಬಗ್ಗೆ ಡಾಕ್ಟರನ್ನು ಕೇಳಿ. ಅಮ್ಮ, ಅಕ್ಕ-ತಂಗಿ, ಚಿಕ್ಕಮ್ಮ, ಸೋದರತ್ತೆ, ಅಪ್ಪನ ಕಡೆಯವರೂ ಸೇರಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಇನ್ನೂ ಮುಂಚೆಯೇ ಕೇಳಿ.

ನೋವಿಲ್ಲದ ಗಂಟು, ಕಂಕುಳಲ್ಲಿ ಗಂಟು, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಆಗುವುದು, ತೊಟ್ಟು ಒಳಗೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಬರುವುದು, ಒಂದು ಸ್ತನದ ಆಕಾರ ಬದಲಾಗುವುದು ಕಂಡರೆ ಅದೇ ವಾರ ತೋರಿಸಿ. "ನೋವಿಲ್ಲವಲ್ಲ, ಹಬ್ಬ ಮುಗಿಯಲಿ" ಅಂತ ಕಾಯುವುದರಿಂದಲೇ ನಮ್ಮಲ್ಲಿ ಎಷ್ಟೋ ಜನ ಮೂರನೇ ಹಂತದಲ್ಲಿ ಬರುತ್ತಾರೆ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ, ಅದನ್ನು ಹೇಳಬೇಕಾದವರು ಡಾಕ್ಟರು.

ಈಗಾಗಲೇ ಚಿಕಿತ್ಸೆ ನಡೆಯುತ್ತಿರುವವರಿಗೆ ಮೇಲಿನ ಕೆಲವು ಮಾತು ಹೊಂದುವುದಿಲ್ಲ. ಕೀಮೋ ಹೊತ್ತಿನಲ್ಲಿ ಸೋಂಕು ಬೇಗ ತಗಲುತ್ತದೆ. ಹಸಿ ಕೋಸಂಬರಿ, ಮೊಳಕೆ ಕಾಳು, ಗಾಡಿಯಲ್ಲಿ ಹೆಚ್ಚಿಟ್ಟ ಹಣ್ಣು, ಹೊರಗಿನ ಚಟ್ನಿ ಬೇಡ. ಬಿಸಿಯಾಗಿ ಬೇಯಿಸಿದ್ದು ತಿನ್ನಿ. ತೂಕ ಇಳಿಸುವ ಯೋಚನೆ ಆಗ ಬೇಡ, ಬೇಳೆ, ಮೊಟ್ಟೆ ಸಾಕಷ್ಟು ಒಳಗೆ ಹೋಗಬೇಕು. ಮೊಸರು ಬೇಕಾ ಬೇಡವಾ ಅನ್ನುವುದನ್ನೂ ಆಸ್ಪತ್ರೆಯ ಡಯಟಿಷಿಯನ್ ಬಳಿ ಕೇಳಿಕೊಳ್ಳಿ. ಕಷಾಯ, ಪುಡಿ, ಮಾತ್ರೆ ಏನೇ ತೆಗೆದುಕೊಳ್ಳುತ್ತಿದ್ದರೂ ಡಬ್ಬಿ ಸಮೇತ ಒಯ್ದು ಡಾಕ್ಟರಿಗೆ ತೋರಿಸಿ, ಕೆಲವು ಕೀಮೋ ಔಷಧಿಯ ಜೊತೆ ಜಗಳಕ್ಕೆ ಬೀಳುತ್ತವೆ.